ವಾಹನದೊಳಗಿನ ಮಾತು ನಿಂತಾಗ

ಹಿಂದಿನ ರಾತ್ರಿಯವರೆಗೆ ಸರಿಯಾಗಿದ್ದ ವಿದ್ಯುತ್ ಕಾರೊಂದು ಬೆಳಗ್ಗೆ ಇದ್ದಕ್ಕಿದ್ದಂತೆ ಹೊರಡದೆ ನಿಂತರೆ, ಸ್ಕ್ಯಾನರಿನ ಪರದೆಯ ಮೇಲೆ ಅನೇಕ ಬಾರಿ ಮೂಡುವ ಸಾಲಿನ ಅರ್ಥ ಇಷ್ಟೆ: ‘ಬ್ಯಾಟರಿ ನಿಯಂತ್ರಣ ಘಟಕದೊಡನೆ ಸಂಪರ್ಕ ಕಡಿದಿದೆ.’ ಆದರೆ ಕಾರಿನ ಮಾಲೀಕರ ಕಿವಿಗೆ ಬೀಳುವ ಮಾತು ಬೇರೆ. ಬ್ಯಾಟರಿಯ ಕಂಪ್ಯೂಟರ್ ಕೆಟ್ಟಿದೆ, ಬದಲಾಯಿಸಬೇಕು ಎಂಬುದು ಆ ಮಾತು. ಮೊದಲನೆಯದು ಲಕ್ಷಣದ ವರದಿ, ಎರಡನೆಯದು ತೀರ್ಪು. ಇವೆರಡರ ನಡುವೆ ನಡೆಯಬೇಕಾದ ವಿಚಾರಣೆ ನಡೆಯದೇ ಹೋದರೆ, ಒಂದು ಸಣ್ಣ ಕಿಲುಬಿನಿಂದ ಹುಟ್ಟಿದ ದೋಷಕ್ಕೆ ಬಹುದೊಡ್ಡ ಬೆಲೆಯ ಬಿಡಿಭಾಗವನ್ನು ತೆರಬೇಕಾಗುತ್ತದೆ. ಹೊಸ ಘಟಕ ಬಂದ ಮೇಲೆಯೂ ಕಾರು ಹೊರಡದೆ ನಿಲ್ಲುವುದುಂಟು.

ಉತ್ತರ ಕೊಡದವನೇ ತಪ್ಪಿತಸ್ಥ ಎಂದು ಭಾವಿಸುವ ಈ ಅವಸರ ವಿದ್ಯುತ್ ಕಾರಿನೊಡನೆ ಹುಟ್ಟಿದ್ದಲ್ಲ. ತಂತಿಯ ಮೂಲಕ ಮಾತು ಕಳುಹಿಸಲು ಮನುಷ್ಯ ಕಲಿತ ಕಾಲದಿಂದಲೂ ಅದು ಜೊತೆಗೇ ಬಂದಿದೆ. ಅದನ್ನು ತಿದ್ದುವ ವಿದ್ಯೆಯೂ ಅಷ್ಟೇ ಹಳೆಯದು. ಇಂದು ಗ್ಯಾರೇಜಿನಲ್ಲಿ ಮಲ್ಟಿಮೀಟರ್ ಹಿಡಿದು ಕುಳಿತವರು ಅರಿತೋ ಅರಿಯದೆಯೋ ಯಾವ ಪರಂಪರೆಯನ್ನು ಮುಂದುವರಿಸುತ್ತಿದ್ದಾರೆ, ಆ ಪರಂಪರೆ ಕಲಿಸಿದ ಪಾಠವನ್ನು ನಮ್ಮ ಕಾಲ ಏಕೆ ಮರೆಯತೊಡಗಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ನಾವು ಬಯಸುತ್ತೇವೆ.

1858ರ ಆಗಸ್ಟ್ ತಿಂಗಳಿನಲ್ಲಿ ಐರ್ಲೆಂಡಿನ ತೀರದಿಂದ ನ್ಯೂಫೌಂಡ್‌ಲ್ಯಾಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಟೆಲಿಗ್ರಾಫ್ ತಂತಿಯನ್ನು ಹಾಸಿ ಮುಗಿಸಲಾಯಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳುಹಿಸಿದ 98 ಪದಗಳ ಸಂದೇಶ ಆ ದಡ ಸೇರಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತಗಳು ದಿನೇ ದಿನೇ ಕ್ಷೀಣಿಸಿದವು. ಯೋಜನೆಯ ವಿದ್ಯುತ್ ವಿಭಾಗದ ಹೊಣೆ ಹೊತ್ತಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಎಂಬವರು ವೃತ್ತಿಯಿಂದ ವೈದ್ಯರು. ಮಾತು ಕೇಳಿಸದಿದ್ದರೆ ಇನ್ನಷ್ಟು ಗಟ್ಟಿಯಾಗಿ ಕೂಗಬೇಕು ಎಂಬುದು ಅವರ ನಿಲುವು. ಸುಮಾರು 2000 ವೋಲ್ಟಿನಷ್ಟು ಒತ್ತಡವನ್ನು ಅವರು ತಂತಿಗೆ ಹಾಯಿಸಿದರು. ಕೆಲವೇ ವಾರಗಳಲ್ಲಿ ತಂತಿ ಸಂಪೂರ್ಣ ಮೂಕವಾಯಿತು. ತಯಾರಿಕೆ ಮತ್ತು ಸಂಗ್ರಹಣೆಯ ಹಂತದಲ್ಲೇ ತಂತಿಯ ನಿರೋಧಕ ಹೊದಿಕೆಯಲ್ಲಿ ದೋಷಗಳು ಸೇರಿದ್ದವು. ಅತಿಯಾದ ಒತ್ತಡ ಆ ದುರ್ಬಲ ಜಾಗಗಳನ್ನು ಮತ್ತಷ್ಟು ಕೆಡಿಸಿತು.

ಅದೇ ಯೋಜನೆಯಲ್ಲಿದ್ದ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ, ಹಿಡಿದ ದಾರಿ ಇದಕ್ಕೆ ತದ್ವಿರುದ್ಧವಾಗಿತ್ತು. ಕೂಗುವ ದನಿಯನ್ನು ಏರಿಸುವ ಬದಲು ಕೇಳುವ ಕಿವಿಯನ್ನು ಸೂಕ್ಷ್ಮಗೊಳಿಸಬೇಕು ಎಂದು ಅವರು ವಾದಿಸಿದರು. ಪುಟ್ಟ ಕನ್ನಡಿಯೊಂದರ ಮೇಲೆ ಬಿದ್ದ ಬೆಳಕಿನ ಚುಕ್ಕೆ ಅತ್ತಿತ್ತ ಸರಿಯುವುದನ್ನು ನೋಡಿ ಅತಿ ದುರ್ಬಲವಾದ ವಿದ್ಯುತ್ ಪ್ರವಾಹವನ್ನೂ ಗುರುತಿಸುವ ಗ್ಯಾಲ್ವನೋಮೀಟರನ್ನು ಅವರು ರೂಪಿಸಿದರು.

ಈ ವೈಫಲ್ಯದ ಬಗ್ಗೆ ನಡೆದ ವಿಚಾರಣೆಯಿಂದ ಒಂದು ದೊಡ್ಡ ಕೊರತೆ ಬೆಳಕಿಗೆ ಬಂತು. ತಂತಿಯ ರೋಧವನ್ನು ಅಳೆಯಲು ಎಲ್ಲರೂ ಒಪ್ಪುವ ಒಂದು ಮಾನವೇ ಇರಲಿಲ್ಲ. ಒಬ್ಬರು ಇಂತಿಷ್ಟು ಮೈಲಿ ತಾಮ್ರದ ತಂತಿಯ ಲೆಕ್ಕ ಹೇಳಿದರೆ, ಇನ್ನೊಬ್ಬರು ತಮ್ಮದೇ ಸುರುಳಿಯ ಲೆಕ್ಕ ಹೇಳುತ್ತಿದ್ದರು. 1861ರಲ್ಲಿ ಥಾಮ್ಸನ್ ಅವರ ಪ್ರೇರಣೆಯಿಂದ ಬ್ರಿಟಿಷ್ ಅಸೋಸಿಯೇಷನ್ ಈ ಮಾನವನ್ನು ನಿಗದಿಪಡಿಸಲು ಒಂದು ಸಮಿತಿಯನ್ನು ನೇಮಿಸಿತು. ನಾವು ಶಾಲೆಯಲ್ಲಿ ಸೂತ್ರವಾಗಿ ಉರು ಹೊಡೆದ ‘ಓಮ್’ ಎಂಬ ಮಾನ ಖಚಿತವಾದ ರೂಪ ಪಡೆದದ್ದು ಹೀಗೆ. ಕೆಟ್ಟುಹೋದ ತಂತಿಯ ದೋಷ ಎಲ್ಲಿದೆ ಎಂದು ತಿಳಿಯುವ ನಿತ್ಯದ ಅಗತ್ಯ ಅದರ ಹಿಂದೆ ಇತ್ತು. ಒಂದು ಮೈಲಿ ತಂತಿಯ ರೋಧ ಎಷ್ಟೆಂದು ಗೊತ್ತಿದ್ದರೆ, ದಡದ ಕೋಣೆಯಲ್ಲಿ ಕುಳಿತೇ ಅಳತೆ ಮಾಡಿ ದೋಷ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಬಹುದು. ದುರಸ್ತಿಯ ಹಡಗು ನೇರವಾಗಿ ಆ ಜಾಗಕ್ಕೆ ಹೋಗಿ ತಂತಿಯನ್ನು ಮೇಲೆತ್ತಬಹುದು. ಸಾವಿರಾರು ಮೈಲಿ ಉದ್ದದ ತಂತಿಯನ್ನು ಬದಲಾಯಿಸಿ ನೋಡೋಣ ಎನ್ನುವ ಆಯ್ಕೆ ಅಲ್ಲಿ ಇರಲಿಲ್ಲ. ಆದ್ದರಿಂದ ಮೊದಲು ಅಳೆ, ಆಮೇಲೆ ಮುಟ್ಟು ಎಂಬ ಶಿಸ್ತು ತಂತಿ ಇಲಾಖೆಗಳಲ್ಲಿ ಬೇರೂರಿತು.

ನಮ್ಮಲ್ಲಿ ಪರಊರುಗಳಲ್ಲಿ ನೆಲೆಸಿದ ಹಿಂದಿನ ತಲೆಮಾರಿಗೆ ‘ಊರಿನಿಂದ ತಂತಿ ಬಂದಿದೆ’ ಎಂಬ ಮಾತೇ ಎದೆ ನಡುಗಿಸುತ್ತಿತ್ತು. 2013ರ ಜುಲೈನಲ್ಲಿ ಭಾರತದ ತಂತಿ ಸೇವೆ ಕೊನೆಗೊಂಡಿತು. ಆದರೆ ಆ ತಂತಿಗಳನ್ನು ಕಾಯುತ್ತಿದ್ದವರ ವಿದ್ಯೆ ಕೊನೆಗೊಳ್ಳಲಿಲ್ಲ. ಅದು ಬೇರೆ ಬೇರೆ ರೂಪಗಳಲ್ಲಿ ಉಳಿಯಿತು, ಅವುಗಳಲ್ಲಿ ಒಂದು ನಮ್ಮ ಕಾರುಗಳ ಒಳಗೇ ಇದೆ.

ಟೆಲಿಫೋನು ಬಂದ ಕಾಲದಲ್ಲಿ ಅಕ್ಕಪಕ್ಕದ ತಂತಿಗಳ ಗದ್ದಲ ಮಾತಿನೊಳಗೆ ನುಗ್ಗುತ್ತಿತ್ತು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದಕ್ಕೊಂದು ಪರಿಹಾರಕ್ಕೆ ಪೇಟೆಂಟ್ ಪಡೆದರು. ಬತ್ತಿ ಹೊಸೆದಂತೆ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಕೇಳುವ ಉಪಕರಣ ಎರಡರ ನಡುವಣ ವ್ಯತ್ಯಾಸವನ್ನಷ್ಟೇ ಗಮನಿಸಿದರೆ ಗದ್ದಲ ತಾನಾಗಿ ಕಳೆದುಹೋಗುತ್ತದೆ. ತಂತಿಯ ಕೊನೆಯನ್ನು ಸುಮ್ಮನೆ ಬಿಟ್ಟರೆ ಸಂಕೇತ ಅಲ್ಲಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗುತ್ತದೆ, ತಕ್ಕ ಅಳತೆಯ ರೋಧಕವನ್ನು ಕೊನೆಗೆ ಕೂರಿಸಿದರೆ ಅಲ್ಲಿಯೇ ಹೀರಿಹೋಗುತ್ತದೆ ಎಂಬ ತಿಳಿವಳಿಕೆಯೂ ಟೆಲಿಗ್ರಾಫ್ ಮತ್ತು ಟೆಲಿಫೋನ್ ತಂತಿಗಳ ಅಧ್ಯಯನದಿಂದಲೇ ಬಂತು. ಹೊಸೆದ ಜೋಡಿ ತಂತಿ, ಕೊನೆಯ ರೋಧಕ: ಇವೆರಡನ್ನೂ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಕಾರುಗಳಲ್ಲಿ ಬಹುಕಾಲ ಮಾತುಕತೆಯ ಪ್ರಶ್ನೆಯೇ ಇರಲಿಲ್ಲ. ಒಂದು ಸ್ವಿಚ್ಚು, ಒಂದು ತಂತಿ, ಒಂದು ದೀಪ. 1980ರ ದಶಕದ ಹೊತ್ತಿಗೆ ಎಂಜಿನ್, ಬ್ರೇಕು, ಗೇರುಗಳಿಗೆ ಪ್ರತ್ಯೇಕ ಎಲೆಕ್ಟ್ರಾನಿಕ್ ಘಟಕಗಳು ಬಂದವು. ಪ್ರತಿಯೊಂದರಿಂದ ಇನ್ನೊಂದಕ್ಕೆ ತಂತಿ ಎಳೆಯುತ್ತ ಹೋದಂತೆ ತಂತಿಗಳ ಕಟ್ಟು ದಪ್ಪವಾಯಿತು, ತೂಕ ಹೆಚ್ಚಿತು, ಜೋಡಣೆಗಳ ಸಂಖ್ಯೆ ಬೆಳೆಯಿತು. 1983ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಇದಕ್ಕೆ ಪರಿಹಾರ ಹುಡುಕತೊಡಗಿತು. ಬೆಂಗಳೂರಿನ ಆಡುಗೋಡಿಯನ್ನು ಬಲ್ಲವರಿಗೆ ಈ ಸಂಸ್ಥೆ ‘ಮೈಕೋ’ ಎಂಬ ಹೆಸರಿನಿಂದ ಪರಿಚಿತ. ಭಾರತದಲ್ಲಿ ಅದರ ಅಂಗವಾಗಿದ್ದ ಮೈಕೋ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು 2008ರಲ್ಲಿ. 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟ್ ನಗರದ ವಾಹನ ಎಂಜಿನಿಯರುಗಳ ಸಮ್ಮೇಳನದಲ್ಲಿ ಊವೆ ಕೀಂಕೆ ಮತ್ತು ಸಹೋದ್ಯೋಗಿಗಳು ತಮ್ಮ ‘ಕ್ಯಾನ್’ ಪದ್ಧತಿಯನ್ನು ಮಂಡಿಸಿದರು. ಮರುವರ್ಷ ಇಂಟೆಲ್ ಅದಕ್ಕೆಂದೇ ಚಿಪ್ ತಯಾರಿಸಿತು. 1990ರ ದಶಕದ ಆರಂಭದಲ್ಲಿ ಅದು ಮರ್ಸಿಡಿಸ್‌ನ ದೊಡ್ಡ ಕಾರುಗಳನ್ನು ಸೇರಿತು, 1993ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು.

ಕ್ಯಾನ್ ಪದ್ಧತಿಯನ್ನು ಊರಿನ ಅರಳಿಕಟ್ಟೆಗೆ ಹೋಲಿಸಬಹುದು. ಎಲ್ಲ ಘಟಕಗಳೂ ಒಂದೇ ಹೊಸೆದ ಜೋಡಿ ತಂತಿಗೆ ಅಂಟಿಕೊಂಡಿರುತ್ತವೆ. ಒಬ್ಬರು ಆಡಿದ ಮಾತು ಎಲ್ಲರಿಗೂ ಕೇಳಿಸುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ. ಸಂದೇಶಕ್ಕೆ ವಿಳಾಸವಿಲ್ಲ, ಒಂದು ಸಂಖ್ಯೆ ಮಾತ್ರ ಇರುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯ ಸಂದೇಶ ಮುಂದುವರಿಯುತ್ತದೆ, ಇನ್ನೊಬ್ಬರು ಸುಮ್ಮನಾಗಿ ತಮ್ಮ ಸರದಿಗೆ ಕಾಯುತ್ತಾರೆ. ಕೇಳಿದವರಲ್ಲಿ ಯಾರಿಗೇ ತಪ್ಪು ಕಂಡರೂ ಅಲ್ಲಿಯೇ ಆಕ್ಷೇಪಿಸುತ್ತಾರೆ, ಆಗ ಆ ಸಂದೇಶ ಎಲ್ಲರ ಪಾಲಿಗೂ ರದ್ದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಪದ್ಧತಿಯ ಒಳಗಿರುವ ಶಿಕ್ಷೆಯ ಲೆಕ್ಕ. ಪ್ರತಿ ಘಟಕವೂ ತನ್ನ ತಪ್ಪುಗಳ ಎಣಿಕೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ಕಳುಹಿಸಿದ ಸಂದೇಶ ಕೆಟ್ಟರೆ ಸಾಮಾನ್ಯವಾಗಿ 8 ಅಂಕ ಏರುತ್ತದೆ, ಸರಿಯಾಗಿ ತಲಪಿದರೆ 1 ಅಂಕ ಇಳಿಯುತ್ತದೆ. 127ನ್ನು ದಾಟಿದ ಘಟಕಕ್ಕೆ ಇತರರ ಮಾತನ್ನು ತಡೆಯುವ ಅಧಿಕಾರ ಇಲ್ಲವಾಗುತ್ತದೆ. 255ನ್ನು ದಾಟಿದರೆ ಅದು ತಾನಾಗಿಯೇ ಕಟ್ಟೆಯಿಂದ ಇಳಿದು ಮೌನವಾಗುತ್ತದೆ. ಒಬ್ಬನ ಹುಚ್ಚು ಮಾತಿನಿಂದ ಇಡೀ ಸಭೆ ಕೆಡಬಾರದೆಂಬ ವಿವೇಕ ಇದರಲ್ಲಿದೆ. ಆದರೆ ಸಂದೇಶ ಕೆಟ್ಟದ್ದು ಘಟಕದ ಒಳದೋಷದಿಂದಲೋ ನಡುವಿನ ತಂತಿಯಿಂದಲೋ ಎಂಬುದನ್ನು ಈ ಎಣಿಕೆ ವಿಚಾರಿಸುವುದಿಲ್ಲ. ತಂತಿಯಲ್ಲಿ ದೋಷವಿದ್ದರೂ ಅಂಕ ಏರುವುದು ಮಾತಾಡಿದವನ ಖಾತೆಯಲ್ಲೇ. ಉಳಿದ ಘಟಕಗಳು ‘ಇವನೊಡನೆ ಸಂಪರ್ಕ ಕಡಿದಿದೆ’ ಎಂದು ಬರೆದಿಡುತ್ತವೆ. ಹೀಗೆ ದೋಷಸಂಕೇತದಲ್ಲಿ ದಾಖಲಾಗುವುದು ಮೌನವಾದವನ ಹೆಸರು. ಮೌನಕ್ಕೆ ಕಾರಣವಾದದ್ದರ ಹೆಸರು ಅಲ್ಲಿ ಇರುವುದಿಲ್ಲ.

ಈ ದೋಷಸಂಕೇತಗಳ ಹುಟ್ಟು ಕ್ಯಾಲಿಫೋರ್ನಿಯದ ಹೊಗೆಯಲ್ಲಿದೆ. ಲಾಸ್ ಏಂಜಲೀಸ್ ನಗರದ ಮಲಿನ ಗಾಳಿಯ ವಿರುದ್ಧ ಹೋರಾಡಿದ ಆ ರಾಜ್ಯ, 1988ರ ಮಾದರಿಗಳಿಂದ ಕಾರುಗಳು ತಮ್ಮ ದೋಷವನ್ನು ತಾವೇ ಗುರುತಿಸಿ ದೀಪ ಉರಿಸಬೇಕೆಂದು ನಿಯಮ ಮಾಡಿತು. 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ 16 ಪಿನ್ನುಗಳ ಕನೆಕ್ಟರ್ ಮತ್ತು ಒಂದೇ ಸಂಕೇತ ಪದ್ಧತಿ ಕಡ್ಡಾಯವಾಯಿತು. ‘ಯು’ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಸಂವಹನ ದೋಷಕ್ಕೆ ಸಂಬಂಧಿಸಿದವು. ಯು 0100 ಎಂದರೆ ಎಂಜಿನ್ ನಿಯಂತ್ರಣ ಘಟಕದೊಡನೆ, ಯು 0111 ಎಂದರೆ ಬ್ಯಾಟರಿ ನಿಯಂತ್ರಣ ಘಟಕದೊಡನೆ ಸಂಪರ್ಕ ಕಡಿದಿದೆ ಎಂದರ್ಥ. ಬೀದಿಬದಿಯ ಸಾಧಾರಣ ಗ್ಯಾರೇಜಿಗೂ ಕಾರಿನ ಮಾತು ತಿಳಿಯುವಂತೆ ಮಾಡಿದ ಈ ನಿಯಮ ದುರಸ್ತಿಯ ಚರಿತ್ರೆಯಲ್ಲಿ ಒಂದು ದೊಡ್ಡ ಘಟ್ಟ.

ಇಲ್ಲೊಂದು ವೈಚಿತ್ರ್ಯವಿದೆ. ಈ ಕಾನೂನು ಹೊಗೆಯಿಂದ ಹುಟ್ಟಿದ್ದರಿಂದ ಹೊಗೆಯನ್ನೇ ಉಗುಳದ ಶುದ್ಧ ವಿದ್ಯುತ್ ಕಾರು ಅದರ ಹಿಡಿತದ ಹೊರಗೆ ಉಳಿಯಿತು. ಎಂಜಿನ್ ಇರುವ ಹೈಬ್ರಿಡ್ ಕಾರು ಸಾಮಾನ್ಯ ಸಂಕೇತಗಳಲ್ಲಿ ಉತ್ತರಿಸಲು ಬದ್ಧ. ವಿದ್ಯುತ್ ಕಾರಿನಲ್ಲಿ ಅದೇ ಆಕಾರದ ಕನೆಕ್ಟರ್ ಇದ್ದರೂ ಸಾಮಾನ್ಯ ಸ್ಕ್ಯಾನರಿನ ಪ್ರಶ್ನೆಗೆ ಅದು ಉತ್ತರಿಸದೆ ಇರಬಹುದು. ಈ ಕೊರತೆಯನ್ನು ತುಂಬಲು 2022ರಲ್ಲಿ ಕ್ಯಾಲಿಫೋರ್ನಿಯ ಹೊಸ ನಿಯಮ ತಂದು, 2026ರ ಮಾದರಿಗಳಿಂದ ವಿದ್ಯುತ್ ಕಾರುಗಳೂ ನಿಗದಿತ ಮಾಹಿತಿಯನ್ನು ಸಮಾನ ರೂಪದಲ್ಲಿ ನೀಡಬೇಕೆಂದಿತು. ಮೊದಲ ನಿಯಮದಿಂದ ಇಲ್ಲಿಯವರೆಗೆ ಮೂರು ದಶಕಗಳಿಗೂ ಮೀರಿದ ಅಂತರವಿದೆ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರುಕಟ್ಟೆಗೆ ಬಂದಾಗ ವಾಹನದೊಳಗಿನ ಮಾತಿಗೆ ಹೊಸ ತೂಕ ಬಂತು. ಎಂಜಿನ್ನು, ವಿದ್ಯುತ್ ಮೋಟಾರು, ಬ್ಯಾಟರಿ, ಬ್ರೇಕು ಇವು ಕ್ಷಣಕ್ಷಣಕ್ಕೂ ಪರಸ್ಪರ ವಿಚಾರಿಸಿಕೊಂಡೇ ನಡೆಯಬೇಕು. 2001ರಲ್ಲಿ ಬೆಂಗಳೂರಿನಿಂದ ಹೊರಟ ಪುಟ್ಟ ರೇವಾ ಕಾರಿನದು 48 ವೋಲ್ಟುಗಳ ಬ್ಯಾಟರಿ. ಇಂದಿನ ವಿದ್ಯುತ್ ಕಾರುಗಳಲ್ಲಿ ಅನೇಕವು ನೂರಾರು ವೋಲ್ಟುಗಳ ಮೇಲೆ ನಡೆಯುತ್ತವೆ. ಅಷ್ಟು ಅಪಾಯಕಾರಿ ಶಕ್ತಿಯನ್ನು ಹಿಡಿದಿಡುವ ದೊಡ್ಡ ಸ್ವಿಚ್ಚುಗಳು ಮುಚ್ಚಿಕೊಳ್ಳುವುದು, ಬ್ಯಾಟರಿಯ ಘಟಕ ‘ಎಲ್ಲ ಸರಿಯಿದೆ’ ಎಂದು ಹೇಳಿದಾಗ ಮಾತ್ರ. ಆ ಮಾತು ತಲಪದಿದ್ದರೆ ಅವು ಮುಚ್ಚುವುದಿಲ್ಲ, ಕಾರು ಹೊರಡುವುದಿಲ್ಲ. ಬ್ಯಾಟರಿಯಲ್ಲಿ ಪೂರ್ಣ ಚಾರ್ಜ್ ಇದ್ದೂ ಕಾರು ನಿಲ್ಲುವುದರ ಗುಟ್ಟು ಇದೇ. ಸುರಕ್ಷತೆಗಾಗಿ ಹಾಗಿರುವುದು ಸರಿಯೂ ಹೌದು.

ಹಾಗಾದರೆ ವಿಚಾರಣೆಯ ಕ್ರಮವೇನು? ಬಲ್ಲವರು ಮೊದಲು ನೋಡುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು. ದೊಡ್ಡ ಬ್ಯಾಟರಿ ಎಷ್ಟೇ ಬಲಿಷ್ಠವಾಗಿದ್ದರೂ ನಿಯಂತ್ರಣ ಘಟಕಗಳು ಎಚ್ಚರವಾಗಿರುವುದು ಸಾಮಾನ್ಯವಾಗಿ ಈ ಚಿಕ್ಕದರ ಬಲದಿಂದ. ಅದು ಸೊರಗಿದರೆ ಒಂದೊಂದು ಘಟಕವೂ ಮಾತು ನಿಲ್ಲಿಸುತ್ತದೆ, ಪರದೆಯ ತುಂಬ ಸಂಕೇತಗಳು ಸುರಿಯುತ್ತವೆ. ಎರಡನೆಯದು ಫ್ಯೂಸು ಮತ್ತು ಅರ್ಥಿಂಗ್. ಮೂರನೆಯದು ಮೌನದ ವಿನ್ಯಾಸ: ಒಂದೇ ಘಟಕ ಮೌನವಾಗಿದೆಯೇ, ಒಂದು ಗುಂಪೇ ಮೌನವಾಗಿದೆಯೇ? ಗುಂಪಾದರೆ ಅವೆಲ್ಲಕ್ಕೂ ಸಮಾನವಾದ ಜೋಡಣೆಯನ್ನು ವೈರಿಂಗ್ ನಕ್ಷೆಯಲ್ಲಿ ಹುಡುಕಬೇಕು. ಮಳೆಗಾಲದಲ್ಲಿ ನೀರು ನಿಂತ ಬೀದಿಗಳಲ್ಲಿ ಓಡಿದ ಕಾರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿರಬಹುದು, ನೆಲಮಾಳಿಗೆಯಲ್ಲಿ ನಿಂತ ಕಾರಿನ ತಂತಿಯನ್ನು ಇಲಿ ಕಡಿದಿರಬಹುದು.

ಆ ಬಳಿಕ ಬರುವುದು ಥಾಮ್ಸನ್ ಕಾಲದ ವಿದ್ಯೆ. ಕ್ಯಾನ್ ತಂತಿಯ ಎರಡು ಕೊನೆಗಳಲ್ಲಿ ತಲಾ 120 ಓಮ್‌ಗಳ ರೋಧಕಗಳಿರುತ್ತವೆ. ವಾಹನವನ್ನು ಆರಿಸಿ, 12 ವೋಲ್ಟಿನ ಬ್ಯಾಟರಿಯ ಸಂಪರ್ಕ ತೆಗೆದು, ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು, ಏಕೆಂದರೆ ಸಮಾಂತರವಾಗಿರುವ ಎರಡು 120ಗಳು ಸೇರಿ 60 ಆಗುತ್ತವೆ. 120 ಬಂದರೆ ಎಲ್ಲೋ ತಂತಿ ಕಡಿದಿದೆ ಅಥವಾ ಒಂದು ಕೊನೆಯ ರೋಧಕ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿವೆ. 40 ಬಂದರೆ ಮೂರನೆಯ ರೋಧಕವೊಂದು ಎಲ್ಲೋ ಸೇರಿಕೊಂಡಿದೆ, ಬಹುಶಃ ಹೊಂದದ ಬಿಡಿಭಾಗವನ್ನು ಕೂರಿಸಲಾಗಿದೆ. ಮತ್ತೆ ಸಂಪರ್ಕ ಕೊಟ್ಟು ವೋಲ್ಟೇಜ್ ನೋಡಿದರೆ, ಯಾರೂ ಮಾತಾಡದ ಹೊತ್ತಿನಲ್ಲಿ ಎರಡೂ ತಂತಿಗಳು ಸುಮಾರು 2.5 ವೋಲ್ಟಿನಲ್ಲಿರುತ್ತವೆ. ಮಾತು ಹರಿಯುವಾಗ ಒಂದು 3.5ರತ್ತ ಏರುತ್ತದೆ, ಇನ್ನೊಂದು 1.5ರತ್ತ ಇಳಿಯುತ್ತದೆ. ಆಧುನಿಕ ಕಾರುಗಳಲ್ಲಿ ಇಂಥ ಹಲವು ಜಾಲಗಳು ಇರುವುದರಿಂದ ರೋಗನಿರ್ಣಯದ ಕನೆಕ್ಟರಿನಲ್ಲಿ ಕಾಣುವುದು ಒಂದು ಕವಲು ಮಾತ್ರ ಆಗಿರಬಹುದು, ದೋಷವಿರುವ ಕವಲನ್ನು ಹುಡುಕಿಯೇ ಅಳೆಯಬೇಕು. ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಘಟಕದ ಮೇಲೆ ಸಂದೇಹಪಡಬೇಕು. ಒಂದು ಎಚ್ಚರಿಕೆ: ಈ ಅಳತೆಗಳು ಕಡಿಮೆ ವೋಲ್ಟಿನ ಸಂವಹನ ತಂತಿಗಳಿಗೆ ಸೀಮಿತ. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ತರಬೇತಿಯಿಲ್ಲದವರು ಮುಟ್ಟಲೇಬಾರದು, ಅಲ್ಲಿರುವುದು ಪ್ರಾಣಕ್ಕೆ ಕುತ್ತು ತರುವ ಶಕ್ತಿ.

ಗಮನಿಸಬೇಕಾದ ಸಂಗತಿಯೆಂದರೆ, ಮೇಲಿನ ಅಳತೆಗಳಲ್ಲಿ ಬಹುಪಾಲಿಗೆ ಬೇಕಾದ ಮಲ್ಟಿಮೀಟರ್ ಯಾವ ಗ್ಯಾರೇಜಿಗೂ ಎಟುಕದ ಉಪಕರಣವಲ್ಲ. ಎಟುಕದೆ ಉಳಿಯುವುದು ವೈರಿಂಗ್ ನಕ್ಷೆ, ತಯಾರಕರ ಸಂಕೇತಗಳ ಅರ್ಥ ಮತ್ತು ಹೊಸ ಘಟಕವನ್ನು ಕಾರಿಗೆ ಪರಿಚಯಿಸುವ ತಂತ್ರಾಂಶ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ವಾಹನ ದುರಸ್ತಿಯ ಹಕ್ಕಿನ ಕಾನೂನು ಮಾಡಿ, ಅಧಿಕೃತ ಕೇಂದ್ರಗಳಿಗೆ ಸಿಗುವ ಮಾಹಿತಿ ನ್ಯಾಯವಾದ ಬೆಲೆಗೆ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯನ್ನು ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ.

ಇನ್ನೊಂದು ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. ಅರಳಿಕಟ್ಟೆಯಲ್ಲಿ ಮಾತಾಡುವವರು ಯಾರೆಂದು ಕೇಳುವ ಪದ್ಧತಿ ಕ್ಯಾನ್‌ನಲ್ಲಿ ಇಲ್ಲ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ವಾಹನವೊಂದರ ಜಾಲಕ್ಕೆ ದೂರದಿಂದಲೇ ನುಗ್ಗಿ ತೋರಿಸಿದರು. ಪರಿಣಾಮವಾಗಿ 14 ಲಕ್ಷ ವಾಹನಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಬೇಕಾಯಿತು. ಆದ್ದರಿಂದ ಬಾಗಿಲಿಗೆ ಬೀಗ ಬೇಕೆಂಬುದು ನಿಜ. ಆದರೆ ಬೀಗ ಇರುವುದು ಕಳ್ಳನನ್ನು ತಡೆಯಲೆಂದು. ಮನೆಯ ಯಜಮಾನನೂ ಅವನು ಕರೆಸಿದ ಕೆಲಸಗಾರನೂ ಬೀದಿಯಲ್ಲಿ ನಿಲ್ಲಬೇಕಾಗಿ ಬಂದರೆ ಆ ಬೀಗದ ಉದ್ದೇಶವನ್ನೇ ಪ್ರಶ್ನಿಸಬೇಕಾಗುತ್ತದೆ. ಅರ್ಹತೆಯನ್ನು ಪರಿಶೀಲಿಸಿ ಕೀಲಿ ಕೊಡುವ ವ್ಯವಸ್ಥೆ ಅಸಾಧ್ಯವೇನಲ್ಲ.

ಮಾಹಿತಿ ಸಿಗದ ಕಡೆ ಊಹೆ ಆ ಜಾಗವನ್ನು ಆಕ್ರಮಿಸುತ್ತದೆ, ಊಹೆಯ ಖರ್ಚನ್ನು ಮಾಲೀಕರು ತೆರುತ್ತಾರೆ. ವರ್ಷಗಟ್ಟಲೆ ಕೈಯಲ್ಲಿ ಕಸುಬು ತುಂಬಿಕೊಂಡ ಮೆಕ್ಯಾನಿಕ್ ‘ಇದು ನಮ್ಮಿಂದಾಗದು’ ಎಂದು ಕೈಚೆಲ್ಲುತ್ತಾನೆ. ನಮ್ಮ ದೃಷ್ಟಿಯಲ್ಲಿ ಇದು ಹಣದ ನಷ್ಟಕ್ಕಿಂತಲೂ ಗಂಭೀರವಾದದ್ದು. 1861ರ ಸಮಿತಿ ಮಾಡಿದ ದೊಡ್ಡ ಕೆಲಸವೆಂದರೆ ಅಳತೆಯನ್ನು ಯಾರೊಬ್ಬರ ಸ್ವತ್ತಾಗಿಯೂ ಉಳಿಸದೆ ಎಲ್ಲರ ಭಾಷೆಯಾಗಿ ಮಾಡಿದ್ದು. ಆ ಓಮ್ ಇಂದಿಗೂ ಎಲ್ಲರದು. ಅದನ್ನು ಎಲ್ಲಿ ಅಳೆಯಬೇಕೆಂದು ತೋರಿಸುವ ನಕ್ಷೆಯೂ ಎಲ್ಲರಿಗೆ ಸಿಗುವಂತಾಗಬೇಕು.

ಅಲ್ಲಿಯವರೆಗೆ, ಮುಂಬಯಿಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಇಂಥ ಕಾರನ್ನು ಇಟ್ಟುಕೊಂಡಿರುವ ನಮ್ಮ ಓದುಗರು ದುರಸ್ತಿಯ ಅಂದಾಜುಪಟ್ಟಿಗೆ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. 12 ವೋಲ್ಟಿನ ಬ್ಯಾಟರಿಯನ್ನು ಪರೀಕ್ಷಿಸಿದಿರಾ? ಮೌನವಾಗಿರುವ ಘಟಕಗಳು ಎಷ್ಟು, ಯಾವುವು? ಜಾಲದ ರೋಧ ಎಷ್ಟು ಓಮ್ ಬಂತು? ಆ ಘಟಕಕ್ಕೆ ವಿದ್ಯುತ್ತು ಮತ್ತು ಅರ್ಥಿಂಗ್ ಸರಿಯಾಗಿ ತಲಪುತ್ತಿವೆಯೇ? ಉತ್ತರಗಳನ್ನು ಬರೆದು ಕೊಡುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ. ಅಳತೆ ಮಾಡಿದವರು ಅಂಕಿಗಳನ್ನು ಕೂಡಲೇ ಹೇಳುತ್ತಾರೆ. ಅಂಕಿಗಳಿಲ್ಲದೆ ಬರಿಯ ಸಂಕೇತವನ್ನಷ್ಟೇ ತೋರಿಸಿದರೆ, ವಿಚಾರಣೆ ಇನ್ನೂ ಆರಂಭವಾಗಿಲ್ಲವೆಂದು ತಿಳಿಯಬೇಕು.